ನೆಲದ ಜಾಲರಿಯಿಂದ ಬಂದ ಹಾಡು

ಫೆಬ್ರವರಿ 4, 2003, ಮಂಗಳವಾರ. ಮಧ್ಯಾಹ್ನ

ಹಿಟ್ಟು ಇವತ್ತೂ ಹುಳಿ ಬರಲಿಲ್ಲ. ಓವನ್ನಿನ ಒಳಗೆ ಲೈಟು ಹಾಕಿ ಇಟ್ಟರೂ ಇಲ್ಲ. ಅಮೆರಿಕದ ಈ ರಾಲಿಯ ಚಳಿಗೆ ಉದ್ದು, ಅಕ್ಕಿ ಎರಡೂ ಮುದುಡಿ ಕೂತಿವೆ, ನನ್ನ ಹಾಗೆ.

ಇವರು ಹತ್ತಕ್ಕೆ ಹೋಟೆಲಿಗೆ ಹೋದರು. ಅಲ್ಲಿ ದಿನಕ್ಕೆ ಮುನ್ನೂರು ದೋಸೆ ಹೊಯ್ಯುತ್ತಾರೆ. ಮನೆಯಲ್ಲಿ ಸೌಟು ಮುಟ್ಟುವುದಿಲ್ಲ.

ಮತ್ತೆ ಅದೇ ಹಾಡು. ಇದು ಹಳೆಯ ಮನೆ, ಮೇಲೆ ಕೆಳಗೆ ಅಂತ ಎರಡು ಮಾಡಿದ್ದಾರೆ. ಬಿಸಿಗಾಳಿ ಬರುವ ಜಾಲರಿ ನೆಲದಲ್ಲಿದೆ. ಗಾಳಿಯ ಜೊತೆ ಕೆಳಗಿನ ಮನೆಯ ಹಾಡೂ ಬರುತ್ತದೆ, ಹೊಲಿಗೆ ಮಿಷನ್ನಿನ ಸದ್ದೂ ಬರುತ್ತದೆ. ಕಾರ್ಪೆಟ್ಟಿನ ಮೇಲೆ ಮಲಗಿ ಜಾಲರಿಗೆ ಕಿವಿ ಇಟ್ಟೆ. ಯಾವ ಭಾಷೆಯೋ. ಹಾಡುವುದು ಗಂಡಸೋ ಹೆಂಗಸೋ… ದಪ್ಪ ಸ್ವರ. ಬಾವಿಯ ತಳದಿಂದ ಕೊಡ ಮೇಲೆ ಬಂದ ಹಾಗೆ.

ಹೆಂಗಸೇ ಆಗಿದ್ದರೆ! ಊರಿನ ಭಜನಾ ಮಂದಿರದಲ್ಲಿ ನನ್ನನ್ನು ‘ಗಂಡು ಸ್ವರದ ಗುಲಾಬಿ’ ಎನ್ನುತ್ತಿದ್ದರು. ಹನ್ನೊಂದನೆಯ ವಯಸ್ಸಿನಿಂದ ಬರೀ ತಾಳ ಹಾಕಿದ್ದು. ಬಾಯಿ ಬಿಟ್ಟಿಲ್ಲ.

ಕಣ್ಣು ಹತ್ತಿತು. ಎದ್ದಾಗ ಕೆನ್ನೆಯ ಮೇಲೆ ಜಾಲರಿಯ ಗೆರೆಗಳು.

ಫೆಬ್ರವರಿ 13, ಗುರುವಾರ

ಕೆಳಗಿನ ಮನೆಯವರನ್ನು ನೋಡಿದೆ. ಹಿತ್ತಿಲಿನ ಕೋಣೆಯಲ್ಲಿ ಬಟ್ಟೆ ಒಗೆಯುವ ಮಿಷನ್ ಇಬ್ಬರಿಗೂ ಒಂದೇ. ಅರವತ್ತರ ಹತ್ತಿರ. ಕುಳ್ಳು, ಕತ್ತರಿಸಿದ ಬಿಳಿ ಕೂದಲು, ಕನ್ನಡಕಕ್ಕೆ ಸರ. ಓಡಿ ಹೋಗೋಣ ಎನಿಸಿತು. ಅವರು ನನ್ನ ಶಾಲಿನ ತುದಿ ಹಿಡಿದರು. ಚಮಕಿ ಒಂದು ಜೋತಾಡುತ್ತಿತ್ತು. ತಮ್ಮ ಕಾಲರಿನಿಂದಲೇ ಸೂಜಿ ತೆಗೆದು ನಿಂತಲ್ಲೇ ಹೊಲಿದರು. ಹಲ್ಲಿನಿಂದ ದಾರ ಕಡಿದರು.

“ಮಿಸೆಸ್ ಫಂಗ್” ಎಂದು ಎದೆ ತೋರಿಸಿದರು.

“ಗುಲಾಬಿ.”

“ಗು… ಲಾ… ಬೀ?” ಮೂರು ಅಕ್ಷರಕ್ಕೆ ಮೂರು ಸ್ವರ. ನನ್ನ ಹೆಸರು ಇಷ್ಟು ಚೆಂದ ಅಂತ ಗೊತ್ತಿರಲಿಲ್ಲ.

ಫೆಬ್ರವರಿ 27, ಗುರುವಾರ

ರಸ್ತೆ ತುಂಬ ಐಸು. ಹೋಟೆಲು ಬಂದ್. ಇವರು ಹೊದ್ದು ಮಲಗಿದ್ದಾರೆ. ನೀರುದೋಸೆ ಮಾಡಿದೆ. ಅದಕ್ಕೆ ಹುಳಿ ಬರುವ ಗೊಡವೆ ಇಲ್ಲ. ನಾಲ್ಕು ಮಡಚಿ ತಟ್ಟೆಯಲ್ಲಿಟ್ಟು ಕೆಳಗೆ ಹೋದೆ. ಬಾಗಿಲು ತಟ್ಟುವ ಮೊದಲು ಎರಡು ಸಲ ವಾಪಸ್ ಬಂದಿದ್ದೆ.

ಫಂಗ್ ಆಂಟಿ ಟಿವಿ ಮುಂದೆ ಕೂರಿಸಿದರು. ದೊಡ್ಡ ಸ್ಟೇಡಿಯಂ. ಕತ್ತಲಲ್ಲಿ ಸಾವಿರಾರು ಸಣ್ಣ ದೀಪ, ಮಲ್ಪೆಯ ಕಡಲಲ್ಲಿ ದೂರದ ದೋಣಿಗಳ ಹಾಗೆ. ನಡುವೆ ಗಂಡಸಿನ ಕೋಟು ಹಾಕಿದ ಹೆಂಗಸು. ಬಾಯಿ ತೆರೆದಳು — ಅದೇ ಸ್ವರ! ಜಾಲರಿಯ ಸ್ವರ.

ಹೆಂಗಸೇ.

“ಮುಯ್ ಜೇ. ಜೇ, ಬಿಗ್ ಸಿಸ್ಟರ್” ಎಂದರು ಆಂಟಿ. ಹೆಸರು ಅನಿತಾ ಮುಯ್, ಜನರಿಗೆಲ್ಲ ಮುಯ್ ಅಕ್ಕ. ಇನ್ನೊಬ್ಬ ಇದ್ದಾನೆ, ಲೆಸ್ಲಿ ಚಂಗ್. ಅವನು ‘ಗೋ ಗೋ’, ಅಂದರೆ ಅಣ್ಣ. ನಮ್ಮಲ್ಲೂ ಅಣ್ಣಾವ್ರು ಇದ್ದಾರೆ ಎಂದು ಹೇಳಬೇಕೆನಿಸಿತು, ಇಂಗ್ಲಿಷ್ ಬರಲಿಲ್ಲ. ಮತ್ತೆ ನಾಲ್ವರು ರಾಜರು ಇದ್ದಾರಂತೆ, ಹಾಂಗ್‌ಕಾಂಗನ್ನೇ ಹಂಚಿಕೊಂಡವರು. ಆಂಟಿ ಕೈ ಕೊಡವಿದರು. “ದೋಸ್? ಬೇಬೀಸ್!” ಅಕ್ಕ, ಅಣ್ಣನ ಮುಂದೆ ಅವರು ಎಳೆ ಮಕ್ಕಳಂತೆ.

ಆಂಟಿ ಹಾಂಗ್‌ಕಾಂಗಿನವರು, ಅಲ್ಲಿ ಹಾಡುಗಾರರ ಬಟ್ಟೆಗೆ ಚಮಕಿ ಹೊಲಿಯುತ್ತಿದ್ದವರು.

ಮುಯ್ ಅಕ್ಕನನ್ನು ತೋರಿಸಿ, ಕೈಯನ್ನು ನೆಲದಿಂದ ಮೂರಡಿ ಎತ್ತರಕ್ಕೆ ಹಿಡಿದರು. ನಾಲ್ಕೈದು ವರ್ಷದ ಮಗು. ಜಾತ್ರೆಯಂಥ ಪಾರ್ಕಿನಲ್ಲಿ ಹಾಡಿ ಮನೆ ಸಾಕಿದ್ದು. “ಸ್ಕೂಲ್, ಲಿಟಲ್. ಸಿಂಗ್, ಎವ್ರಿ ಡೇ.”

“ಮೀ ಆಲ್ಸೋ” ಎಂದೆ. ಐದು ಬೆರಳು ತೋರಿಸಿದೆ, ಐದನೆಯ ಕ್ಲಾಸಿಗೇ ಶಾಲೆ ಮುಗಿಯಿತು. ಆಮೇಲೆ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುವುದನ್ನು ಗಾಳಿಯಲ್ಲೇ ಮಾಡಿ ತೋರಿಸಿದೆ. ಆಂಟಿ ನನ್ನ ಬೆರಳುಗಳನ್ನೇ ನೋಡಿದರು. ನಂತರ ಎರಡು ನೀರುದೋಸೆ ಒಟ್ಟಿಗೆ ಬಾಯಿಗೆ ಹಾಕಿಕೊಂಡರು.

ಮಾರ್ಚ್ 10, ಸೋಮವಾರ

ಹೊಸ ನೋಟ್‌ಬುಕ್. ಹಾಡುಗಳನ್ನು ಬರೆಯುತ್ತಿದ್ದೇನೆ. ಕನ್ನಡ ಅಕ್ಷರದಲ್ಲೇ. ಇದರಲ್ಲಿ ವಿಶೇಷ ಏನಿಲ್ಲ. ನಮ್ಮ ತುಳುವನ್ನೂ ಕನ್ನಡ ಅಕ್ಷರದಲ್ಲೇ ಬರೆಯುವುದು. ಅಮ್ಮ ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುತ್ತಿದ್ದ ಪಾಡ್ದನದ ಹಾಡನ್ನು ಹೀಗೇ ಬರೆದಿಟ್ಟಿದ್ದೆ. ಬಾಯಿಂದ ಬಂದದ್ದಕ್ಕೆಲ್ಲ ಕನ್ನಡದಲ್ಲಿ ಒಂದು ಮನೆ ಸಿಗುತ್ತದೆ.

ಆಂಟಿ ಒಂದು ಸಾಲು ಹಾಡುತ್ತಾರೆ, ನಾನು ಬರೆಯುತ್ತೇನೆ. ಸ್ವರ ಮೇಲೆ ಹೋದರೆ ಅಕ್ಷರದ ಮೇಲೆ ಗೆರೆ, ಇಳಿದರೆ ಕೆಳಗೆ ಗೆರೆ. ಅಕ್ಷರ ನೋಡಿ ಆಂಟಿಗೆ ನಗು. “ಆಲ್ ರೌಂಡ್. ಲೈಕ್ ನೂಡಲ್ಸ್!”

ನಾನು ಹಾಡುವುದಿಲ್ಲ. ಮನೆಗೆ ಬಂದು, ಯಾರೂ ಇಲ್ಲದಾಗ, ಮೆಲ್ಲಗೆ. ಜಾಲರಿಯ ಮೇಲೆ ದಿಂಬು ಇಟ್ಟು.

ಏಪ್ರಿಲ್ 2, ಬುಧವಾರ

ಅಣ್ಣ ಹೋಗಿಬಿಟ್ಟ. ಲೆಸ್ಲಿ. ನಿನ್ನೆ. ಏಪ್ರಿಲ್ ಒಂದು ಅಲ್ಲವೇ, ಅಲ್ಲಿ ಜನ ತಮಾಷೆ ಎಂದುಕೊಂಡರಂತೆ. ನಲವತ್ತಾರು ವರ್ಷ. ಮೊದಮೊದಲು ಸ್ಟೇಜ್ ಮೇಲಿಂದ ಕೂಗಿ ಓಡಿಸಿದ್ದರಂತೆ. ಆಮೇಲೆ ತಲೆ ಮೇಲೆ ಹೊತ್ತರು. ಹಾಡುವುದು ಬಿಟ್ಟು ಕೆನಡಾಕ್ಕೆ ಹೋದ, ಮತ್ತೆ ಬಂದ. ಈ ಸಲ ಬರುವುದಿಲ್ಲ.

ಕೆಳಗೆ ಹೋದಾಗ ಆಂಟಿ ಕಿಟಕಿಯ ಹತ್ತಿರ ನಿಂತು ಅವನದೇ ಒಂದು ಹಾಡು ಹೇಳುತ್ತಿದ್ದರು. ತುಂಬ ನಿಧಾನ. ಪುಸ್ತಕ ತೆಗೆದೆ. ಕೈ ಹಿಡಿದು ತಡೆದರು. “ದಿಸ್ ಒನ್, ನೋ ರೈಟ್.” ಗಂಡ ತೀರಿಕೊಂಡಾಗ ಹಾಡಿದ್ದೂ ಇದನ್ನೇ. ಯಾರಾದರೂ ಹೋದಾಗ ಮಾತ್ರ ಇದು. “ಸಮ್‌ಬಡಿ ಗೋ, ದಿಸ್ ಸಾಂಗ್.”

ಬರೆಯಲಿಲ್ಲ. ಆದರೆ ಮೂರು ದಿನವೂ ಜಾಲರಿಯಿಂದ ಅದೇ ಬಂತು. ಕಿವಿಗೆ ಬೇಡ ಎನ್ನಲು ಆಗುತ್ತದೆಯೇ.

(‘ಮೂರು ದಿನ’ದ ಈ ಕೊನೆಯ ಮಾತನ್ನು ಶನಿವಾರ ಸೇರಿಸಿದೆ.)

ಮೇ 19, ಸೋಮವಾರ

ಹೋಟೆಲಿಗೆ ರಜೆ. ಇವರ ಜೊತೆ ಚೀನೀ ಅಂಗಡಿಗೆ ಹೋದೆ. ಆಂಟಿಗೆ ಮುಯ್ ಅಕ್ಕನ ಒಂದು ಹಳೆಯ ಸಿಡಿ ಬೇಕಿತ್ತು. ಸಾರ್ಸ್ ಕಾಯಿಲೆಯ ಸುದ್ದಿ ಬಂದಂದಿನಿಂದ ಅಂಗಡಿಯಲ್ಲಿ ಜನವೇ ಇಲ್ಲ. ಕೌಂಟರಿನ ಹೆಂಗಸಿಗೆ ಹಾಡಿನ ಮೊದಲ ಸಾಲು ಪುಸ್ತಕ ನೋಡಿ ಓದಿದೆ. ಒಂದಕ್ಷರ ತಪ್ಪದೆ. ಅವಳು ಪಿಳಿಪಿಳಿ ನೋಡಿದಳು. ಇನ್ನೊಮ್ಮೆ ಓದಿದೆ. ಒಳಗಿಂದ ಇನ್ನೊಬ್ಬನನ್ನು ಕರೆದಳು, ಅವನಿಗೂ ತಿಳಿಯಲಿಲ್ಲ.

“ಎಂತ ಮಾರಾಯ್ತಿ, ಇದು ಯಾವ ಯಕ್ಷಗಾನ?” ಎಂದರು ಇವರು. “ಮೀನು ತಗೊಂಡು ಹೋಗುವ, ಬಾ.”

ತಲೆ ತಗ್ಗಿಸಿ, ಗಂಟಲೊಳಗೇ ಆ ಸಾಲನ್ನು ಗುನುಗಿದೆ. ಅಷ್ಟೇ! “ಆಆಹ್!” ಎಂದು ಆ ಹೆಂಗಸು ಎರಡೂ ಕೈ ಚಪ್ಪಾಳೆ ತಟ್ಟಿ, ಮುಂದಿನ ಸಾಲನ್ನು ತಾನೇ ಹಾಡಿ, ಸಿಡಿ ತಂದಿಟ್ಟಳು.

ಆಂಟಿಯನ್ನು ಕೇಳಿದೆ. ಅವರ ಭಾಷೆಯಲ್ಲಿ ಏರಿಳಿತವೇ ಅರ್ಧ ಮಾತು. ಬರೀ ಅಕ್ಷರ ಓದಿದರೆ ಯಾರಿಗೂ ತಿಳಿಯುವುದಿಲ್ಲ. ರಾಗ ಸೇರಿದರೆ ಮಾತಾಗುತ್ತದೆ. ಅಂದರೆ ನನಗೆ ಈ ಭಾಷೆಯಲ್ಲಿ ಮಾತಾಡಲು ಬರುವುದಿಲ್ಲ, ಹಾಡಿದರೆ ಮಾತ್ರ… ನನ್ನಂಥವಳಿಗೆ ಇದೊಳ್ಳೆ ಪೇಚು.

ಸೆಪ್ಟೆಂಬರ್ 8, ಸೋಮವಾರ

ಬೇಸಿಗೆಯಲ್ಲಿ ಬರೆಯಲೇ ಇಲ್ಲ. ಪುಸ್ತಕದಲ್ಲಿ ಹಾಡು ಇಪ್ಪತ್ತೆರಡು ಆಗಿವೆ.

ಮುಯ್ ಅಕ್ಕನಿಗೆ ಕ್ಯಾನ್ಸರ್. ಶುಕ್ರವಾರ ತಾನೇ ಎಲ್ಲರ ಮುಂದೆ ಹೇಳಿದಳಂತೆ. ಆದರೂ ನವೆಂಬರಿನಲ್ಲಿ ಹಾಡುತ್ತಾಳಂತೆ. ಒಂದು ಕಾಲದಲ್ಲಿ ಇಪ್ಪತ್ತೆಂಟು ಕಛೇರಿ ಒಂದೇ ಸ್ಟೇಡಿಯಂನಲ್ಲಿ ಮಾಡಿದವಳು. ಬಹುಮಾನ ಸಾಕು, ಇನ್ನು ಹೊಸಬರಿಗೆ ಕೊಡಿ ಎಂದು ತಾನೇ ಪಕ್ಕಕ್ಕೆ ಸರಿದವಳು. ಆಂಟಿ ಇದನ್ನೆಲ್ಲ ಮನೆಯ ಮಗಳ ವಿಷಯ ಹೇಳುವ ಹಾಗೆ ಹೇಳಿದರು. ಹೇಳುತ್ತ ಒಂದು ಪ್ಯಾಂಟಿನ ಅಂಚನ್ನು ಮೂರು ಸಲ ಬಿಚ್ಚಿ ಹೊಲಿದರು.

ಅಕ್ಟೋಬರ್ 5, ಭಾನುವಾರ

ವಿಜಯದಶಮಿ. ಪಕ್ಕದ ಊರು ಏಪೆಕ್ಸ್‌ನಲ್ಲಿ ಕಾತ್ಯಾಯಿನಿ ಅಕ್ಕನ ಮನೆಯಲ್ಲಿ ಭಜನೆ. ಹೋಟೆಲಿನ ಧಣಿಯ ಹೆಂಡತಿ ಅವರು. ಒಳ್ಳೆಯವರು, ಜೋರು.

“ಗುಲಾಬಿ, ನಿಮ್ ಕಡೆಯವ್ರೆಲ್ಲಾ ಭಜನೆ ಎಕ್ಸ್‌ಪರ್ಟ್ಸ್ ಅಲ್ವಾ? ಒಂದು ಹೇಳ್ಕೊಡಿ, ನಾವು ಫಾಲೋ ಮಾಡ್ತೀವಿ.”

ಭಜನೆ ಅಂದರೆ ಅದೇ. ಒಬ್ಬರು ಸಾಲು ಹೇಳಿ ನಿಲ್ಲಿಸಬೇಕು. ಉಳಿದವರು ಎತ್ತಿಕೊಳ್ಳಬೇಕು. ಹೇಳಿಕೊಡುವವರು ನಿಲ್ಲಿಸಿ ಕಾಯಬೇಕು, ಅದೇ ಮುಖ್ಯ. ನಾನು ನಿಲ್ಲಿಸಿದೆ, ಶುರು ಮಾಡದೆಯೇ. ಮೂವತ್ತು ಜನ ಕಾದರು. ಕೊನೆಗೆ ಕಾತ್ಯಾಯಿನಿ ಅಕ್ಕ ಟೇಪ್ ಹಾಕಿದರು.

ಕಾರಿನಲ್ಲಿ ಇವರು, “ಜಾಲರಿ ಹತ್ತಿರ ಹಾಡ್ತೀಯಲ್ಲ. ನನಗೆ ಗೊತ್ತುಂಟು” ಎಂದರು. ಬೈದದ್ದಲ್ಲ. ಆದರೂ ಕಿಟಕಿಯ ಕಡೆ ತಿರುಗಿ ಕೂತೆ.

ನವೆಂಬರ್ 16, ಭಾನುವಾರ

ನಿನ್ನೆ ಮುಯ್ ಅಕ್ಕನ ಕೊನೆಯ ಕಛೇರಿ. ಆಂಟಿಯ ತಂಗಿ ಹಾಂಗ್‌ಕಾಂಗಿನಿಂದ ಫೋನ್ ಮಾಡಿದ್ದಳು. ಕೊನೆಯ ಹಾಡಿಗೆ ಬಿಳಿ ಮದುವೆಯ ಗೌನು ಹಾಕಿ ಬಂದಳಂತೆ. ಮದುವೆಯಾಗಲಿಲ್ಲ, ಸ್ಟೇಜನ್ನೇ ಮದುವೆಯಾದೆ ಎಂದಳಂತೆ. ಮೆಟ್ಟಿಲು ಹತ್ತಿ ತಿರುಗಿ ಬೈ ಬೈ ಎಂದಳಂತೆ.

ಆಂಟಿಗೆ ಒಂದೇ ಚಿಂತೆ. ಆ ಗೌನಿನ ಸೆರಗು ಮೆಟ್ಟಿಲಿಗೆ ಸಿಕ್ಕಿಕೊಳ್ಳಲಿಲ್ಲ ತಾನೇ?

ನವೆಂಬರ್ 19, ಬುಧವಾರ

ಸೋಮವಾರ ಬೆಳಿಗ್ಗೆ. ಜಾಲರಿಯಿಂದ ಹೊಲಿಗೆ ಮಿಷನ್ನಿನ ಸದ್ದು. ನಿಂತಿತು. ಏನೋ ಬಿದ್ದ ಸದ್ದು. ಸಿಡಿಯ ಹಾಡು ಮಾತ್ರ ಹಾಗೇ ಹೋಗುತ್ತಿತ್ತು.

ಕೆಳಗೆ ಓಡಿದೆ. ನೈನ್ ಒನ್ ಒನ್ ಒತ್ತಿದೆ. “ಆಂಟಿ ಫಾಲ್. ಡೌನ್ ಹೌಸ್. ಕಮ್, ಪ್ಲೀಸ್ ಕಮ್.” ಅಷ್ಟು ಇಂಗ್ಲಿಷನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ. ಬಲಗೈ ಏಳುವುದಿಲ್ಲ. ಮಾತು ಇಲ್ಲ.

ಡಿಸೆಂಬರ್ 4, ಗುರುವಾರ

ಕಾತ್ಯಾಯಿನಿ ಅಕ್ಕ ಕಾರಿನಲ್ಲಿ ಕರೆದುಕೊಂಡು ಹೋದರು. ಈಗ ಆಂಟಿಯನ್ನು ಚೇತರಿಸಿಕೊಳ್ಳುವ ಆಸ್ಪತ್ರೆಯಲ್ಲಿ, ರಿಹ್ಯಾಬ್‌ನಲ್ಲಿ ಇಟ್ಟಿದ್ದಾರೆ. ಮಗಳು ವಿವಿಯನ್ ಅಟ್ಲಾಂಟದಿಂದ ಬಂದಿದ್ದಾಳೆ. ಇಲ್ಲೇ ಹುಟ್ಟಿದವಳು, ಇಂಗ್ಲಿಷೇ. ಅಮ್ಮನ ಹಾಡುಗಳನ್ನು ಚಿಕ್ಕಂದಿನಲ್ಲಿ ಕಿವಿ ಮುಚ್ಚಿಕೊಂಡು ಕೇಳಿದವಳಂತೆ. ಹೇಳುವಾಗ ಅತ್ತಳು.

ಮಾತು ಕಲಿಸುವ ಮಿಸ್ ಡೋರಿಸ್ ಏನೇನೋ ಹೇಳಿದರು. ಕಾತ್ಯಾಯಿನಿ ಅಕ್ಕ ತಿಳಿಸಿದರು: “ಮಾತಾಡೋ ಭಾಗ ಡ್ಯಾಮೇಜ್ ಆಗಿದೆ ಕಣ್ರೀ. ಹಾಡೋದು ಮೆದುಳಿನ ಇನ್ನೊಂದು ಸೈಡ್‌ನಿಂದಾನೂ ಬರತ್ತಂತೆ. ಗೊತ್ತಿರೋ ಹಾಡು ಯಾರಾದ್ರೂ ಜೊತೆಗೆ ಹಾಡಿದ್ರೆ ಕೆಲವ್ರಿಗೆ ಮಾತು ಹೊರಗೆ ಬರತ್ತೆ. ಜನವರಿ ಎರಡಕ್ಕೆ ಮೀಟಿಂಗ್. ಅಷ್ಟರೊಳಗೆ ಇಂಪ್ರೂವ್ ಆಗ್ಲಿಲ್ಲ ಅಂದ್ರೆ ಥೆರಪಿ ನಿಲ್ಸಿ, ಅಟ್ಲಾಂಟದಲ್ಲಿ ನರ್ಸಿಂಗ್ ಹೋಮ್‌ಗೆ ಹಾಕ್ತಾರಂತೆ.”

ಅಟ್ಲಾಂಟದ ನರ್ಸಿಂಗ್ ಹೋಮಿನಲ್ಲಿ ಆಂಟಿಯ ಭಾಷೆ ಯಾರಿಗೆ ಬರುತ್ತದೆ? ಬಾಯಿ ಶಾಶ್ವತ ಮುಚ್ಚಿಹೋಗುತ್ತದೆ.

ವಿವಿಯನ್ ಸಿಡಿ ಹಾಕಿದಳು. ಆಂಟಿ ಗೋಡೆಯ ಕಡೆ ತಿರುಗಿದರು. ಸಿಡಿ ಯಾರಿಗೂ ಕಾಯುವುದಿಲ್ಲವಲ್ಲ. ತಾನೇ ಎಲ್ಲ ಹಾಡಿ ಮುಗಿಸುತ್ತದೆ.

ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ತೆಗೆಯಲಿಲ್ಲ.

ಡಿಸೆಂಬರ್ 9, ಮಂಗಳವಾರ

ತೆಗೆದೆ. ಓದಿದೆ. ಆಂಟಿ ಅಂಗಡಿಯ ಹೆಂಗಸಿನ ಹಾಗೆಯೇ ಪಿಳಿಪಿಳಿ ನೋಡಿದರು. ಓದಿದರೆ ಆಗುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಓದಿದೆ. ಕೋಣೆಯಲ್ಲಿ ವಿವಿಯನ್ ಇದ್ದಳು, ನರ್ಸ್ ಇದ್ದಳು, ಪಕ್ಕದ ಮಂಚದ ಅಜ್ಜಿ ಇದ್ದಳು.

ಹೇಡಿ.

ಡಿಸೆಂಬರ್ 12, ಶುಕ್ರವಾರ. ಸಂಜೆ

ಕೋಟು ಬಿಚ್ಚದೆ ಕೂತೆ. ಬರೆದುಬಿಡುತ್ತೇನೆ.

ಬೆಳಿಗ್ಗೆ ಇವರು ಕೆಲಸಕ್ಕೆ ಹೊರಡುವ ಮೊದಲು ಜಾಲರಿಯ ಮುಂದೆ ನಿಂತರು. “ಕೆಳಗೆ ಸದ್ದಿಲ್ಲದಿದ್ದರೆ ಮನೆಯೇ ಬಿಕೋ ಅಂತದೆ ಮಾರಾಯ್ತಿ” ಎಂದರು. ಅಷ್ಟೇ.

ರಿಹ್ಯಾಬ್‌ನಲ್ಲಿ ಮಂಚದ ಕಬ್ಬಿಣದ ಸರಳಿಗೆ ಬೆರಳಿನಿಂದ ತಾಳ ಹಾಕಿದೆ. ತಾಳ ನನಗೆ ಬರುತ್ತದೆ, ಹನ್ನೆರಡು ವರ್ಷ ಅದನ್ನೇ ಹಾಕಿದ್ದು. ಕಣ್ಣು ಮುಚ್ಚಿದೆ. ಕತ್ತಲಲ್ಲಿ ಆ ಸಣ್ಣ ದೀಪಗಳು ಬಂದವು, ದೋಣಿಗಳ ಹಾಗೆ, ಒಂದೊಂದಾಗಿ. ಗಂಡಸಿನ ಕೋಟು ಹಾಕಿದ ಹೆಂಗಸು ನಡುವೆ ನಿಂತು ನನ್ನ ಕಡೆ ನೋಡಿದಳು. ಅವಳಿಗೂ ದಪ್ಪ ಸ್ವರ. ಯಾರೂ ನಗುತ್ತಿಲ್ಲ.

ಹಾಡಿದೆ. ಭಜನೆಯ ಹಾಗೆ. ಒಂದು ಸಾಲು, ಕೊನೆಯ ಅಕ್ಷರಕ್ಕೆ ಮೊದಲೇ ನಿಲ್ಲಿಸಿದೆ. ಕಾದೆ.

ಏನಿಲ್ಲ.

ಮತ್ತೆ. ನಿಲ್ಲಿಸಿದೆ. ಕಾದೆ. ಹನ್ನೊಂದು ಸಲವೋ ಹನ್ನೆರಡೋ. ಆಂಟಿ ಗೋಡೆಯಿಂದ ಈಚೆ ತಿರುಗಿದ್ದರು. ತುಟಿ ಒದ್ದಾಡಿತು. ಉಸಿರು ಬಂತು, ಉಸಿರಿನ ತುದಿಯಲ್ಲಿ ಆ ಒಂದೇ ಒಂದು ಅಕ್ಷರ. ಸರಿಯಾದ ಸ್ವರದಲ್ಲಿ.

ವಿವಿಯನ್ ಕೈಯಿಂದ ಕಾಫಿ ಕಪ್ಪು ಬಿತ್ತು. “ಮಾಮ್?” ಎಂದಳು.

ಪಕ್ಕದ ಮಂಚದ ಅಜ್ಜಿ, “ಹನಿ, ಯು ಗಾಟ್ ಅ ವಾಯ್ಸ್ ಲೈಕ್ ಅ ಚರ್ಚ್ ಆರ್ಗನ್” ಎಂದಳು. ಚರ್ಚಿನ ದೊಡ್ಡ ಹಾರ್ಮೋನಿಯಂನಂಥ ಸ್ವರವಂತೆ, ಅದು ಹೊಗಳಿದ್ದೇ ಎಂದು ಕಾತ್ಯಾಯಿನಿ ಅಕ್ಕ ಕಾರಿನಲ್ಲಿ ಮೂರು ಸಲ ಆಣೆ ಮಾಡಿ ಹೇಳಿದರು.

ಡಿಸೆಂಬರ್ 19, ಶುಕ್ರವಾರ

ಈಗ ಅರ್ಧ ಸಾಲು ಎತ್ತಿಕೊಳ್ಳುತ್ತಾರೆ. ನಾನು ಹೇಳಿದರೆ ಮಾತ್ರ. ತಾವಾಗಿ ಶುರು ಮಾಡುವುದಿಲ್ಲ. ಅದು ಸಾಲದು ಎನ್ನುತ್ತಾರೆ ಮಿಸ್ ಡೋರಿಸ್. ಹೇಳಿಕೊಟ್ಟದ್ದನ್ನು ಎತ್ತಿಕೊಳ್ಳುವುದು ಬೇರೆ, ತನಗೆ ಬೇಕಾದ್ದನ್ನು ತಾನೇ ಹೇಳುವುದು ಬೇರೆ. ಮೀಟಿಂಗಿನ ಕಾಗದದಲ್ಲಿ ಬರೆಯಲು ಅವರಿಗೆ ಎರಡನೆಯದು ಬೇಕು. ಇನ್ನು ಎರಡು ವಾರ.

ವಿವಿಯನ್‌ಗೂ ಒಂದು ಸಾಲು ಕಲಿಸಿದೆ. ಪುಸ್ತಕ ಕೊಟ್ಟೆ. “ಐ ಕಾಂಟ್ ರೀಡ್ ದಿಸ್” ಎಂದು ನಕ್ಕಳು. ಅವಳ ಅಮ್ಮನ ಭಾಷೆ, ನನ್ನ ಅಕ್ಷರ. ನಡುವೆ ಅವಳು.

ಡಿಸೆಂಬರ್ 30, ಮಂಗಳವಾರ

ಚೀನೀ ಅಂಗಡಿಯ ಹೆಂಗಸು ಹೇಳಿದಳು. ಮುಯ್ ಅಕ್ಕ ಹೋದಳು. ನಲವತ್ತು ವರ್ಷ. ಪೇಪರಿನಲ್ಲಿ ಮದುವೆಯ ಗೌನಿನ ಫೋಟೋ. ಸೆರಗು ಮೆಟ್ಟಿಲ ತುಂಬ ಹರಡಿದೆ, ಎಲ್ಲೂ ಸಿಕ್ಕಿಕೊಂಡಿಲ್ಲ. ಆಂಟಿಗೆ ಅದನ್ನಾದರೂ ಹೇಳಬೇಕು ಎನಿಸಿತು.

ವಿವಿಯನ್ ಆಂಟಿಯ ಕೋಣೆಯ ಹೊರಗೇ ತಡೆದಳು. “ಡೋಂಟ್ ಟೆಲ್ ಹರ್. ಪ್ಲೀಸ್. ನಾಟ್ ಬಿಫೋರ್ ಫ್ರೈಡೇ.” ಶುಕ್ರವಾರ ಮೀಟಿಂಗ್. ತಲೆಯಾಡಿಸಿದೆ. ಹೇಳದೆ ಇರುವುದು ನನಗೆ ಹೊಸ ಕೆಲಸವೇನಲ್ಲ.

ಇವತ್ತು ಅವಳ ಹಾಡು ಯಾವುದೂ ಹಾಡಲಿಲ್ಲ. ಬೇರೆಯವರದು ಹಾಡಿದೆ. ಆಂಟಿ ಎತ್ತಿಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಚಮಕಿ ಬಿದ್ದ ಜಾಗವನ್ನು ಹುಡುಕುವ ಹಾಗೆ.

ಡಿಸೆಂಬರ್ 31, ಬುಧವಾರ. ಮಧ್ಯಾಹ್ನ, ರಿಹ್ಯಾಬ್‌ನಲ್ಲೇ ಬರೆಯುತ್ತಿದ್ದೇನೆ

ನಾನು ಬಂದು ಕೂತೆ. ತಾಳಕ್ಕೆ ಕೈ ಎತ್ತುವ ಮೊದಲೇ ಆಂಟಿಯ ಎಡಗೈ ಸರಳನ್ನು ತಟ್ಟಿತು. ಒಂದು, ಎರಡು. ಆಮೇಲೆ ಬಾಯಿ ತೆರೆದರು.

“ಮುಯ್… ಜೇ…?”

ಯಾವ ಹಾಡಿನಲ್ಲೂ ಇಲ್ಲದ್ದು. ಯಾರೂ ಹೇಳಿಕೊಡದ್ದು. ಅವರೇ ಎತ್ತಿದ ಸಾಲು. ನಿಲ್ಲಿಸಿ, ಕಾದರು. ಈಗ ಎತ್ತಿಕೊಳ್ಳಬೇಕಾದವಳು ನಾನು.

ವಿವಿಯನ್ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಬೇಡ, ಬೇಡ. ಮಿಸ್ ಡೋರಿಸ್ ಬಾಗಿಲಲ್ಲಿ ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿದರು. ಆಂಟಿ ಇನ್ನೊಮ್ಮೆ ತಟ್ಟಿದರು. “ಮುಯ್ ಜೇ?” ಸ್ವರ ಸ್ವಲ್ಪ ಮೇಲೆ.

ಸುಳ್ಳು ಹೇಳಲು ಆ ಭಾಷೆಯಲ್ಲಿ ನನಗೆ ಒಂದೂ ಮಾತು ಬರುವುದಿಲ್ಲ. ನಿಜ ಹೇಳಲೂ ಬರುವುದಿಲ್ಲ. ಹಾಡು ಮಾತ್ರ. ಪುಸ್ತಕ ಮುಚ್ಚಿದೆ. ಲೆಸ್ಲಿ ಅಣ್ಣನ ಹಾಡು ಶುರು ಮಾಡಿದೆ, ಯಾರಾದರೂ ಹೋದಾಗ ಮಾತ್ರ, ಬರೆಯಬೇಡ ಎಂದಿದ್ದರಲ್ಲ, ಅದು. ಜಾಲರಿಯಿಂದ ಕೇಳಿದ್ದು. ಮೊದಲ ಸಾಲು ಹೇಳಿ ನಿಲ್ಲಿಸಿದೆ.

ಆಂಟಿ ಕಣ್ಣು ಮುಚ್ಚಿದರು. ವಿವಿಯನ್‌ಗೆ ಏನೂ ತಿಳಿಯಲಿಲ್ಲ. ಆಮೇಲೆ ಅಮ್ಮನ ಒದ್ದೆ ಕೆನ್ನೆ ನೋಡಿ ತಿಳಿಯಿತು. ನನ್ನ ಭುಜ ಹಿಡಿದಳು, ಬೈಯಲಿಲ್ಲ.

ಎರಡನೆಯ ಸಾಲು ಹೇಳಿಕೊಡಲು ಬಾಯಿ ತೆರೆದೆ. ಆಂಟಿ ಎಡಗೈ ಎತ್ತಿ ನನ್ನನ್ನು ತಡೆದರು. ತಾವೇ ಉಸಿರು ಎಳೆದುಕೊಂಡರು. ಎರಡನೆಯ ಸಾಲು. ಮೂರನೆಯದು. ನಾನು ತಾಳ ಮಾತ್ರ. ಈಗಲೂ ಹಾಡುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ, ವಿವಿಯನ್ ಮಂಚದ ಮೇಲೆ ಹತ್ತಿ ಕೂತಿದ್ದಾಳೆ, ಬಾಗಿಲಲ್ಲಿ ಮಿಸ್ ಡೋರಿಸ್ ಅವರ ಪೆನ್ನೂ ಮತ್ತೆ ಓಡುತ್ತಿದೆ. ನಾಲ್ಕನೆಯ ಸಾಲಿನ ಮಧ್ಯೆ ನಿಲ್ಲಿಸಿದರು. ಮರೆತದ್ದಲ್ಲ. ಮಗಳ ಕಡೆ ನೋಡುತ್ತ, ಕಾಯುತ್ತ…

ವಿವಿಯನ್ ನನ್ನ ಕಡೆ ತಿರುಗಿದಳು. ಆ ಸಾಲಿನ ಉಳಿದ ಅಕ್ಷರ ಬೇಕಂತೆ, ಇಂಗ್ಲಿಷಿನಲ್ಲಾದರೂ… ಪೆನ್ನು ಅವಳಿಗೆ ಕೊಡುತ್ತೇನೆ.